ಆಸನಮಾಹಾತ್ಮ್ಯ

ಕುರ್ಚಿಯೆಂಬುದು ಕುಳಿತುಕೊಳ್ಳುವುದಕ್ಕಾಗಿಯೇ ಹುಟ್ಟಿದುದೆಂದು ನಂಬಿ ಬಾಳಿದ ನಮ್ಮ ಹಿರಿಯರು, ಇಂದಿನ ನವೀನ ಗೃಹಗಳ ದಿವಾನಖಾನೆಯನ್ನು ಕಂಡಿದ್ದರೆ, ಹೊಸ್ತಿಲಲ್ಲಿಯೇ ನಿಂತು ಕೈಮುಗಿಯುತ್ತಿದ್ದರೇ ಹೊರತು ಒಳಹೊಕ್ಕು ಕೂರುವ ಸಾಹಸಕ್ಕೆ ತೊಡಗುತ್ತಿರಲಿಲ್ಲ. 1929ರ ಬಾರ್ಸಿಲೋನಾ ವಸ್ತುಪ್ರದರ್ಶನದ ಜರ್ಮನ್ ಮಂಟಪಕ್ಕೆ ಸ್ಪೇನಿನ ರಾಜದಂಪತಿಗಳು ದಯಮಾಡಿಸುವರೆಂದು ಆ ಮಂಟಪದ ವಿನ್ಯಾಸಕಾರರಾದ ಮೀಸ್ ವಾನ್ ಡೆರ್ ರೋ ಮತ್ತು ಲಿಲಿ ರೈಖ್ ಅವರು, ಉಕ್ಕಿನ ಪಟ್ಟಿಗಳನ್ನು ಕತ್ತರಿಗಾಲಾಗಿ ಬಾಗಿಸಿ ಚರ್ಮದ ಮೆತ್ತೆಯನ್ನಿರಿಸಿ ನಿರ್ಮಿಸಿದ ಪೀಠದ ಸಂತತಿಯೇ ಇಂದು ನಮ್ಮ ಫ್ಲಾಟುಗಳಲ್ಲಿ ವಿರಾಜಿಸುತ್ತಿದೆ. ರಾಜರಿಗೇನು, ಎಬ್ಬಿಸಲು ಪರಿವಾರವಿರುತ್ತದೆ. ನಮ್ಮ ಸೋದರಮಾವನಂಥವರಾದರೋ, ತೋಳಿಲ್ಲದ ಆ ತಗ್ಗುಪೀಠದಲ್ಲಿ ಹಿಂದಕ್ಕೆ ವಾಲಿ, ಕಾಫಿಯ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ, ಮೇಲೇಳಲು ಊರುವುದಕ್ಕೆ ಆಧಾರವನ್ನೂ ಕಾಣದೆ, “ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಪ್ಪಾ” ಎಂದು ಮರ್ಯಾದೆಯುಳಿಸಿಕೊಳ್ಳುತ್ತಾರೆ.

ಅಲಂಕರಣದ ಕಥೆಯೂ ಇಂಥದೇ. ಅಮೆರಿಕದ ವಿನ್ಯಾಸಕಾರರಾದ ಈಮ್ಸ್ ದಂಪತಿಗಳು ಭಾರತವನ್ನು ಸುತ್ತಾಡಿ 1958ರಲ್ಲಿ ಸಲ್ಲಿಸಿದ ವರದಿಯಲ್ಲಿ, ನಮ್ಮ ನಿತ್ಯೋಪಯೋಗದ ಚೊಂಬನ್ನು ಪರಮಸುಂದರವೆಂದು ಕೊಂಡಾಡಿದರು. ಉಪಯೋಗದಿಂದಲೇ ರೂಪುಗೊಂಡ ಚೆಲುವೆಂದು ಅವರು ಮೆಚ್ಚಿದ ಆ ಪಾತ್ರೆ, ಈಗ ಬಚ್ಚಲಿನಿಂದ ಬಡ್ತಿ ಪಡೆದು, ಒಣಹುಲ್ಲಿನ ಗೊಂಚಲನ್ನು ಮುಡಿದು ಷೋಕೇಸನ್ನೇರಿದೆ. ಬಾಯಾರಿ ಬಂದವರಿಗೆ ಮಾತ್ರ ಪ್ಲಾಸ್ಟಿಕ್ ಬಾಟಲಿಯೇ ಗತಿ.