ಹತ್ತು ಬೆರಳು, ಒಂದು ಎದೆ, ಒಬ್ಬ ತಾತ

ಬ್ರಿಟನ್ ದ್ವೀಪದವರು ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೆ ಬಂದು ನೆಲೆಸಿದ್ದು ಬಲು ಸಲೀಸಾಗಿ. ದಾರಿ ತೋರಿಸಿದವನು ಮೈಕೆಲ್ ಲವೆಲ್ ಎಂಬ ಐರಿಷ್ ಸಿಪಾಯಿ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ಬಿಡಾರ ಹೂಡಿದವನು 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಗುಜರಾಯಿಸಿದ. ಎರಡೇ ವರ್ಷಕ್ಕೆ 20 ವರ್ಷದ ಗಣಿ ಪರವಾನಗಿ ಕೈಗೆ ಬಂತು. ಅವನ ಎದೆಯಲ್ಲಿ ಕ್ಷಯ ಇದೆಯೇ ಎಂದು ಯಾರೂ ನೋಡಲಿಲ್ಲ, ಕನ್ನಡದ ಪರೀಕ್ಷೆ ಕಟ್ಟಿಸಲಿಲ್ಲ. ಹಿಂದೆಯೇ ಗಣಿ ನಡೆಸಲು ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಬಂತು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎದ್ದವು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರನ್ನೂ ಬಿಟ್ಟು ಮೊದಲು ಅವರ ಗಣಿಗೇ ಹರಿಯಿತು. ರೈಲು ಬದಲಿಸುವ ಊರಿಗೂ ಅವರದೇ ಕಮಿಷನರ್ ಬೌರಿಂಗ್ ಸಾಹೇಬರ ಹೆಸರು ಇಟ್ಟುಕೊಂಡಿದ್ದೆವು. ಅದೇ ಈಗಿನ ಬಂಗಾರಪೇಟೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರಿಗೆ ಊರೇ ಪಾಸು ಮಾಡಿಸಿ ಬೆಂಗಳೂರಿನ ರೈಲು ಹತ್ತಿತು. ಅದರಲ್ಲಿ ಕೆಲವರ ಕಣ್ಣು ಇನ್ನೂ ದೂರಕ್ಕೆ, ಆ ದ್ವೀಪದ ಮೇಲೇ ಬಿದ್ದಿದೆ. ಅಂಥವರಿಗಾಗಿ ಈ ನಾಲ್ಕು ಮಾತು.

ಮೊದಲು ತಾತನನ್ನು ಹುಡುಕಿ. ತಾತನೋ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಭಾರತದಂಥ ಕಾಮನ್‌ವೆಲ್ತ್ ದೇಶದವರಿಗೆ ಐದು ವರ್ಷದ ಪೂರ್ವಜ ವೀಸಾ ಉಂಟು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಟ್ರಂಕು ಕೆದಕಿದರೆ ಅಂಥ ತಾತ ಸಿಕ್ಕರೂ ಸಿಕ್ಕಾನು. ಉಳಿದವರ ತಾತಂದಿರೂ ಆ ದ್ವೀಪದ ಷೇರುದಾರರಿಗಾಗಿಯೇ ಚಾಂಪಿಯನ್ ರೀಫ್ ಗಣಿಯ ಆಳಕ್ಕೆ ಇಳಿದವರು. ಆದರೆ ನಿಯಮ ನಿಯಮವೇ. ತಾತ ಅಲ್ಲಿ ಹುಟ್ಟಿರಬೇಕು. ಅಲ್ಲಿಯವರಿಗಾಗಿ ಇಲ್ಲಿ ಸತ್ತಿದ್ದರೆ ಲೆಕ್ಕಕ್ಕಿಲ್ಲ.

ತಾತ ಕೈಕೊಟ್ಟರೆ ಕೆಲಸದ ವೀಸಾ. ಅದಕ್ಕೆ ಇಂಗ್ಲಿಷ್ ಬರುತ್ತದೆಂಬ ರುಜುವಾತು ಬೇಕು. ಕೋರಮಂಡಲ್, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ ಎಂದು ವಿಳಾಸ ಬರೆದೇ ಬೆಳೆದ ಹುಡುಗನಿಗೆ! ಬ್ಯಾಂಕಿನಲ್ಲಿ 1,270 ಪೌಂಡು 28 ದಿನ ಅಲುಗಾಡದೆ ಕೂತಿರಬೇಕು. ನಮ್ಮ ಕಡೆ ಅಷ್ಟು ದುಡ್ಡು ಅಷ್ಟು ದಿನ ಒಂದೇ ಕಡೆ ಕೂತದ್ದನ್ನು ಕಂಡವರಿದ್ದರೆ ಕೈ ಎತ್ತಲಿ. ಜೊತೆಗೆ ಆರೋಗ್ಯದ ಶುಲ್ಕ ವರ್ಷಕ್ಕೆ 1,035 ಪೌಂಡು, ಅಷ್ಟೂ ವರ್ಷದ್ದು ಮುಂಗಡವಾಗಿ. ಕಾಯಿಲೆ ಆಮೇಲೆ ನಿಧಾನವಾಗಿ ಬಂದರಾಯಿತು.

ಇನ್ನು ಬೆರಳು. 1930ರಲ್ಲಿ ಗಣಿ ಆಡಳಿತ ಕಾರ್ಮಿಕರ ಬೆರಳಚ್ಚು ತೆಗೆಯಲು ಹೊರಟಿತ್ತು. ನಾವೇನು ಕಳ್ಳರೇ ಎಂದು ಸಿಟ್ಟಿಗೆದ್ದ ಕೂಲಿಗಳು ಮುಷ್ಕರ ಹೂಡಿ ಗಣಿಗಳನ್ನೇ ನಿಲ್ಲಿಸಿದರು. ಅವರ ಮರಿಮಕ್ಕಳು ಈಗ ಸ್ಲಾಟ್ ಹಿಡಿದು, ಸಾವಿರಾರು ರೂಪಾಯಿ ಕಟ್ಟಿ, ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಹತ್ತೂ ಬೆರಳು ಒತ್ತಿ ಬರುತ್ತಾರೆ. ಗಾರೆ ಕೆಲಸ, ವೆಲ್ಡಿಂಗು ಮಾಡಿ ತುದಿ ಸವೆದ ಬೆರಳಾದರೆ ಸ್ಕ್ಯಾನರಿನ ಗಾಜು ಹಿಡಿಯುವುದಿಲ್ಲ. ‘ಒರೆಸಿಕೊಂಡು ಇನ್ನೊಂದ್ಸಲ ಇಡಿ ಸಾರ್’ ಎನ್ನುತ್ತಾಳೆ ಕೇಂದ್ರದ ಹುಡುಗಿ. ಒರೆಸಿಕೊಂಡು ಇಡುತ್ತಾನೆ. ಬೆರಳಚ್ಚು ಚೆನ್ನಾಗಿ ಮೂಡಲಿ ದೇವರೇ ಎಂದು ಒಳಗೊಳಗೇ ಹರಕೆ ಬೇರೆ. ದುಡಿದದ್ದಕ್ಕೆ ಸಾಕ್ಷಿ ಕೇಳಿದರೆ ಆ ಸವೆದ ತುದಿಯನ್ನೇ ತೋರಿಸಬಹುದಿತ್ತು, ಆದರೆ ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಕಡೆಗೆ ಎದೆ. ಆರು ತಿಂಗಳಿಗಿಂತ ಹೆಚ್ಚು ಇರಲು ಹೋಗುವವರು ಕ್ಷಯವಿಲ್ಲವೆಂದು ಎಕ್ಸ್‌ರೇ ತೆಗೆಸಿ ತೋರಿಸಬೇಕು. ಈ ಊರಿಗೆ ಎಕ್ಸ್‌ರೇ ಹೊಸದಲ್ಲ. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡ ಎದೆಗಳನ್ನು ಗಣಿ ಆಸ್ಪತ್ರೆ ಎಷ್ಟೋ ನೋಡಿದೆ. ಆ ದೂಳು ಕುಡಿಸಿದವರ ಊರಿಗೆ ಹೋಗಲು ಎದೆ ಮಾತ್ರ ಶುಭ್ರವಾಗಿರಬೇಕು. ಮನೆಗೆ ಬಂದ ನೆಂಟನ ಎದೆ ಬಡಿದು ನೋಡುವ ಪದ್ಧತಿ ನಮ್ಮಲ್ಲಿ ಇಲ್ಲದ್ದಕ್ಕೇ ಇರಬೇಕು, ಅವರು ಅಷ್ಟು ಸಲೀಸಾಗಿ ಇಲ್ಲಿ ನೆಲೆಸಿದ್ದು.

ಹೊರಡುವವರು ಇಷ್ಟು ನೆನಪಿಡಿ. ಕ್ಷಯದ ಆ ಪ್ರಮಾಣಪತ್ರ ಆರೇ ತಿಂಗಳು ನಡೆಯುತ್ತದೆ, ಕೆಲಸದ ಪತ್ರ ಬರುವ ಮುಂಚೆ ಏಜೆಂಟನ ಅವಸರಕ್ಕೆ ಬಿದ್ದು ತೆಗೆಸಬೇಡಿ. ಕೆಲಸದ ವೀಸಾಕ್ಕೆ ಬೇಕಾದ ಸ್ಪಾನ್ಸರ್ ಪತ್ರ ಕೊಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳುವವನಿಗೆ ಬಿಡಿಗಾಸೂ ಬಿಚ್ಚಬೇಡಿ. ಆ ಪತ್ರ ಕೊಡುವ ಪರವಾನಗಿ ಇರುವ ಕಂಪನಿಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಪ್ರಕಟಿಸುತ್ತದೆ. ಅದನ್ನು ನೋಡುವುದಕ್ಕೆ ಮಾತ್ರ ಇನ್ನೂ ಶುಲ್ಕವಿಲ್ಲ.