ಪರದೇಶಿ: ಬಳಸುವ ವಿಧಾನ

ನಿಮ್ಮ ಊರಿಗೆ ವಿದೇಶಿ ಸ್ವಯಂಸೇವಕನೊಬ್ಬ ಬಂದಿಳಿದಿದ್ದಾನೆಯೆ? ಗಾಬರಿ ಬೇಡ. ಈ ಕೈಪಿಡಿಯನ್ನು ಪೂರ್ತಿ ಓದಿ, ಆಮೇಲೆ ಮಾತಾಡಿಸಿ. ಇದನ್ನು ಬರೆದವನು ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಇಂಥವರ ಹಿಂದೆ ದುಭಾಷಿಯಾಗಿ ತಿರುಗಿದವನು. ದಿನಕ್ಕಿಷ್ಟು ಎಂದು ಕೂಲಿ ಪಡೆದಿದ್ದಾನೆ, ಹಾಗಾಗಿ ಇಲ್ಲಿರುವ ಸತ್ಯಕ್ಕೂ ಅಷ್ಟರಮಟ್ಟಿಗೆ ರಿಯಾಯಿತಿ ಕೊಟ್ಟು ಓದುವುದು ಒಳ್ಳೆಯದು.

ಪೆಟ್ಟಿಗೆಯೊಳಗೆ ಏನೇನಿದೆ

ಆಳು ಒಂದು. ಆಳೆತ್ತರದ ಬೆನ್ನುಚೀಲ ಒಂದು. ಸೋಸುವ ಬಾಟಲಿ, ಸೊಳ್ಳೆ ಎಣ್ಣೆ, ಬಿಸಿಲಿಗೆ ಹಚ್ಚುವ ಬಿಳಿ ಮುಲಾಮು. 42 ಪ್ರಶ್ನೆಗಳ ಫಾರ್ಮು, ನೂರು ಪ್ರತಿ. ಇಂಗ್ಲಿಷಿನಲ್ಲಿ ಇನ್ನೂ 'ಬೆಲ್ಲಾರಿ' ಎಂದೇ ಇರುವ ನಕ್ಷೆ; 2014ರ ನವೆಂಬರ್ 1ರಂದು ನಾವು ಇಂಗ್ಲಿಷಿನಲ್ಲೂ ಬಳ್ಳಾರಿಯೇ ಆದೆವೆಂಬ ಸುದ್ದಿ ನಕ್ಷೆಗೆ ಮುಟ್ಟಿಲ್ಲ. ತಲೆಗೆ ಸುತ್ತುವ ಟವೆಲ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ನೀವೇ ಕೊಡಿಸಬೇಕು.

ಹೆಸರಿನ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅದು ಎರಡನೇ ದಿನದ ಹೊತ್ತಿಗೆ ತಾನೇ ಸರಿಹೋಗುತ್ತದೆ. ಹ್ಯೂಗೋ ಬಂದರೆ ಹುಲುಗಪ್ಪನಾಗುತ್ತಾನೆ, ಮಾರ್ಟಿನ್ ಬಂದರೆ ಮಾರೆಪ್ಪ. ಮುಂದೆ ಹೇಳುವುದೆಲ್ಲ ಮಾರೆಪ್ಪ ಎಂಬ ಮಾಡೆಲ್ಲಿಗೆ ಅನ್ವಯ.

ಅಳವಡಿಕೆ

ಬಳ್ಳಾರಿ ಬಸ್ ಸ್ಟ್ಯಾಂಡಿನಿಂದ ಸಿರುಗುಪ್ಪಕ್ಕೆ ಐವತ್ತು ಕಿಲೋಮೀಟರು ಮೇಲೆ. ಕುರುಗೋಡಿಗೆ ಅದರ ಅರ್ಧ. ಬಸ್ಸು ಬಂದೊಡನೆ ಮಾರೆಪ್ಪ ಬಾಗಿಲ ಎದುರು ಸರತಿಯಲ್ಲಿ ನಿಲ್ಲುತ್ತಾನೆ. ಸರತಿಯಲ್ಲಿ ಅವನೊಬ್ಬನೇ ಇರುತ್ತಾನೆ. ಅಷ್ಟರಲ್ಲಿ ನೀವು ಕಿಟಕಿಯೊಳಗೆ ಟವೆಲ್ ತೂರಿ ಸೀಟು ಹಿಡಿದಿರಬೇಕು. 'ಟವೆಲ್ ಇಟ್ಟ ಸೀಟಿನಲ್ಲಿ ಬೇರೆಯವರು ಯಾಕೆ ಕೂರುವುದಿಲ್ಲ, ಇದಕ್ಕೆ ಕಾನೂನು ಇದೆಯೇ?' ಎಂದು ಕೇಳುತ್ತಾನೆ. ಇದೆ ಎನ್ನಿ. ನನಗೆ ತಿಳಿದಮಟ್ಟಿಗೆ ಈ ಭಾಗದಲ್ಲಿ ಯಾರೂ ಮುರಿಯದ ಕಾನೂನು ಅದೊಂದೇ.

ಶಾಖದಿಂದ ದೂರವಿಡಿ

ಎಲ್ಲ ಕೈಪಿಡಿಗಳಲ್ಲೂ ಈ ಸಾಲು ಇರುತ್ತದೆ. ಬಳ್ಳಾರಿಯಲ್ಲಿ ಅಂಥ ಜಾಗ ಸಿಕ್ಕರೆ ನಮಗೂ ತಿಳಿಸಿ. ನಮಗಿರುವುದು ಎರಡೇ ಕಾಲ: ಬೇಸಿಗೆ, ಕಡುಬೇಸಿಗೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಮೇಲೆ ಕೋಟೆ ಗುಡ್ಡದ ಬಂಡೆ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಊರಿಗೆ ಸಾವಕಾಶ ಬಡಿಸುತ್ತದೆ. ಹನ್ನೆರಡರಿಂದ ನಾಲ್ಕರವರೆಗೆ ಮಾರೆಪ್ಪನನ್ನು ಬೇವಿನ ಮರದ ಕೆಳಗೆ ಆಫ್ ಮಾಡಿ ಇಡಿ. 'ಈ ಹೊತ್ತಿನಲ್ಲಿ ಜನ ಕೆಲಸ ಮಾಡದೆ ಮಲಗುತ್ತಾರೆ' ಎಂದು ಮೊದಲ ದಿನ ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ಮೂರನೆಯ ದಿನ ಎಲ್ಲರಿಗಿಂತ ಮೊದಲು ಮಲಗಿರುತ್ತಾನೆ.

ಇಂಧನ

ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಯಾವ ಮಾಡೆಲ್ಲಾದರೂ ಇದರ ಮೇಲೆ ಓಡುತ್ತದೆ. ಒಗ್ಗರಣೆ ಮಿರ್ಚಿ ಮಾತ್ರ ನಿಮ್ಮ ಸ್ವಂತ ಜವಾಬ್ದಾರಿ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನನ್ನು, ಒಂದೇ ಕಲ್ಲಿನ ಆ ಭಾರಿ ಬಸವಣ್ಣನನ್ನು, ನೋಡಿಕೊಂಡು ಬಂದು ಗೂಡಂಗಡಿಯ ಮುಂದೆ ನಿಂತಿದ್ದೆವು. ಮಾರೆಪ್ಪ ಮಿರ್ಚಿಯನ್ನು ತೊಟ್ಟಿನ ಕಡೆಯಿಂದ ಕಚ್ಚಿದ. ಬೀಜವೆಲ್ಲ ಇರುವುದು ಅಲ್ಲೇ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಮೂಗು. ಬಾಯಿ ತೆರೆದ, ಮಾತು ಹೊರಡಲಿಲ್ಲ. ಅಂಗಡಿಯಾಕೆ ಬಾಣಲೆಯಿಂದ ಕಣ್ಣು ತೆಗೆಯದೆ ಒಂದು ಹಿಡಿ ಮಂಡಾಳು, ಒಂದು ಲೋಟ ಮಜ್ಜಿಗೆ ಮುಂದಕ್ಕೆ ತಳ್ಳಿದಳು. ಸೋಸುವ ಬಾಟಲಿ ಚೀಲದಲ್ಲೇ ಉಳಿಯಿತು. ಮಜ್ಜಿಗೆಗೆ ಯಾವ ನೀರು ಹಾಕಿದ್ದಾರೆಂದು ಅವತ್ತಿನಿಂದ ಅವನು ಕೇಳಿದ್ದಿಲ್ಲ.

ಹಳೆಯ ಮಾಡೆಲ್‌ಗಳ ಬಗ್ಗೆ ಒಂದು ಮಾತು

ಹಿರಿಯರು 'ಮೊದಲಿನ ಮಾಲು ಗಟ್ಟಿ ಇತ್ತು' ಎನ್ನುತ್ತಾರೆ. ಪರೀಕ್ಷಿಸಿ ನೋಡಿದರೆ ಸುಳ್ಳಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಬಂದ ಥಾಮಸ್ ಮನ್ರೋ ಏಳು ವರ್ಷ ಡೇರೆ ಹಾಕಿಕೊಂಡು ಊರೂರು ಅಲೆದ. ಅವನು ಬಂದದ್ದು ಸೇವೆಗಲ್ಲ, ಕಂದಾಯಕ್ಕೆ. ಆದರೂ ಯಾರ ಹೊಲ ಎಷ್ಟು, ಮಣ್ಣು ಎಂಥದ್ದು ಎಂಬುದೆಲ್ಲ ತಿಳಿದುಕೊಂಡ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತ. ಅದು ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಅದೇ ಮಿಷನ್ನಿನ ವಿಲಿಯಂ ರೀವ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಕನ್ನಡ ನಿಘಂಟು ಎಂದೊಡನೆ ಈಗ ಎಲ್ಲರೂ ನೆನೆಯುವ ಕಿಟೆಲ್ ಹುಟ್ಟಿದ್ದೇ ಆ ವರ್ಷ. ಇವರಿಗೆಲ್ಲ ಅವರವರ ಸ್ವಾರ್ಥ ಇತ್ತು, ಕೂತು ಕಲಿಯುವ ತಾಳ್ಮೆಯೂ ಇತ್ತು.

ಇತ್ತೀಚಿನ ಉದಾಹರಣೆ ಬೇಕಿದ್ದರೆ ಪಕ್ಕದ ಅನಂತಪುರಕ್ಕೆ ಹೋಗಿ. ಸ್ಪೇನಿನ ವಿಸೆಂಟ್ ಫೆರರ್ 1969ರಲ್ಲಿ ಅಲ್ಲಿಗೆ ಬಂದವರು 2009ರಲ್ಲಿ ತೀರಿಕೊಳ್ಳುವ ತನಕ ಊರು ಬಿಡಲಿಲ್ಲ. ನಡುವೆ ಅಮೆರಿಕದ ಪೀಸ್ ಕೋರ್ ಎಂಬ ಮಾಲೂ ಬಂದಿತ್ತು: 1961ರಿಂದ 1976ರವರೆಗೆ ಭಾರತದಲ್ಲಿ, ನಮ್ಮ ಮೈಸೂರು ರಾಜ್ಯದಲ್ಲೂ. ಕಾಲೇಜು ಮುಗಿಸಿದ ಹುಡುಗರು ರೈತರಿಗೆ ಕೋಳಿ ಸಾಕುವುದನ್ನು ಹೇಳಿಕೊಟ್ಟರು. ಅವರಿಗೆ ವಾಯಿದೆ ಎರಡು ವರ್ಷ. ಈಗಿನ ಮಾರೆಪ್ಪನಿಗೆ ಹದಿನೇಳು ದಿನ, ಅದರಲ್ಲಿ ಎರಡು ಹಂಪಿಗೆ.

ಮುಖ್ಯ ಕಾರ್ಯ: 42 ಪ್ರಶ್ನೆಗಳು

ಇಲ್ಲಿ ದುಭಾಷಿ ಎಂಬ ಬಿಡಿಭಾಗ ಬೇಕು. ಅವನಿಲ್ಲದೆ ಯಂತ್ರ ಸ್ಟಾರ್ಟ್ ಆಗುವುದಿಲ್ಲ. ಅವನ ಫೋಟೋ ಮಾತ್ರ ವರದಿಯಲ್ಲಿ ಬರುವುದಿಲ್ಲ.

'ನಿಮ್ಮ ಊರಿನ ಅತಿ ದೊಡ್ಡ ಅಗತ್ಯ ಯಾವುದು?' ಎಂಬುದು ಏಳನೆಯ ಪ್ರಶ್ನೆ. ಸಿರುಗುಪ್ಪ ತಾಲ್ಲೂಕಿನ ಕಾಲುವೆಯ ಕೊನೆ ಭಾಗದಲ್ಲಿ ಇದನ್ನು ಕೇಳಿದರೆ ಉತ್ತರ ಒಂದೇ: "ಕಾಲುವಿ ನೀರು ನಮ್ಮ ಹೊಲಕ್ಕ ಮುಟ್ಟವಲ್ದು. ಮ್ಯಾಲಿನೋರು ಮೋಟರ್ ಹಚ್ಚಿ ಎತ್ತಿಕೆಂತಾರ. ಅದೊಂದು ಮಾಡ್ರಿ ಸಾಹೇಬ್ರ." ಮಾರೆಪ್ಪನ ಸಂಸ್ಥೆ ಕೊಟ್ಟು ಕಳಿಸಿರುವುದು ಸೋಪು. ಎರಡರ ನಡುವೆ ನಿಂತ ದುಭಾಷಿ ಏನು ಮಾಡಬೇಕು? ನಾನು 'ಇವರಿಗೆ ನೀರು ಬಹಳ ಮುಖ್ಯವಂತೆ' ಎಂದೆ. ಮಾರೆಪ್ಪ ಖುಷಿಯಾಗಿ 'ನೀರು ಮತ್ತು ನೈರ್ಮಲ್ಯ' ಎಂಬ ಚೌಕಕ್ಕೆ ಗುರುತು ಹಾಕಿದ. ಇಬ್ಬರೂ ನನ್ನ ಕಡೆ ತಿರುಗಿ ನಕ್ಕರು. ಆ ದಿನದ ಕೂಲಿ ಕೈಗೆ ಭಾರವಾಗಿತ್ತು.

ಎಚ್ಚರಿಕೆ

ಊರಿಗೆ ನಿಜವಾದ ತಾಪತ್ರಯ ಬಂದ ದಿನ ಯಂತ್ರವನ್ನು ಚಾಲೂ ಮಾಡಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನು ಹರಿದು ಕೊಚ್ಚಿಕೊಂಡು ಹೋಯಿತು. ತುಂಬಿ ನಿಂತಿದ್ದ ಡ್ಯಾಮಿನ ನೀರು ಹೊಳೆಗೆ ಹರಿಯುತ್ತಿದ್ದರೆ, ಭತ್ತ ನಾಟಿ ಮಾಡಿದ ಜನ ಕೈಯಲ್ಲಿ ಮೊಬೈಲು ಹಿಡಿದು ಡ್ಯಾಮಿನ ಮಟ್ಟ ಎಷ್ಟು ಇಳಿಯಿತೆಂದು ಗಳಿಗೆಗೊಮ್ಮೆ ನೋಡುತ್ತಿದ್ದರು. ಆ ವಾರ ನಾವು ಶಾಲೆಯ ಅಂಗಳದಲ್ಲಿ ಕೈ ತೊಳೆಯುವ ಆರು ಹಂತಗಳನ್ನು ತೋರಿಸಿದೆವು. ನೋಡಲು ಬಂದವರು ಹನ್ನೊಂದು ಮಕ್ಕಳು, ಒಂದು ಮೇಕೆ. ಮೇಕೆ ಸೋಪಿನ ರಟ್ಟನ್ನು ತಿಂದಿತು. ಫಲಾನುಭವಿಗಳ ಲೆಕ್ಕದಲ್ಲಿ ಅದನ್ನೂ ಸೇರಿಸೋಣವೇ ಎಂದೆ. ಮಾರೆಪ್ಪ ನಗಲಿಲ್ಲ. ಪೆನ್ನು ಮುಚ್ಚಿ ಜೇಬಿಗಿಟ್ಟು, "ಆ ಗೇಟಿನ ಸುದ್ದಿ ಏನು, ಪೂರ್ತಿ ಹೇಳು" ಎಂದ. ಹೊತ್ತು ಮುಳುಗುವ ತನಕ ಕಾಲುವೆ ಏರಿಯ ಮೇಲೆ ಕೂತು ಹೇಳಿದೆ. ಏಳನೆಯ ಪ್ರಶ್ನೆಗೆ ಬಂದ ಉತ್ತರವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ.

ದೋಷ ನಿವಾರಣೆ

ಯಂತ್ರ ಪದೇ ಪದೇ 'ನಮಸ್ಕಾರ' ಎನ್ನುತ್ತಿದೆ: ಕನ್ನಡ ಅಷ್ಟೇ ಲೋಡ್ ಆಗಿದೆ. 'ಉಂಡ್ರೇನ್ರಿ' ಕಲಿಸಿ. ಆಮೇಲೆ ಮನೆಮನೆಯಲ್ಲೂ ಊಟ ಹಾಕುತ್ತಾರೆ, ಹೊಟ್ಟೆಯ ದೋಷಕ್ಕೆ ನಾವು ಹೊಣೆಯಲ್ಲ.

ಯಂತ್ರ ಎಮ್ಮೆಯ ಫೋಟೋ ತೆಗೆಯುತ್ತಿದೆ: ಬಿಡಿ. ಎಮ್ಮೆಗೆ ಅಭ್ಯಂತರವಿಲ್ಲ. ಮನೆಯ ಹೆಣ್ಣುಮಕ್ಕಳ ಫೋಟೋ ತೆಗೆಯಲು ಹೊರಟರೆ ಮೊದಲು ಕೇಳಿ ಎಂದು ಹೇಳಿ, ಕೇಳದಿದ್ದರೆ ಪ್ಲಗ್ ಕಿತ್ತುಬಿಡಿ.

ಯಂತ್ರ ಏನೂ ಮಾಡದೆ ಸುಮ್ಮನೆ ಕೂತಿದೆ: ದೋಷವಲ್ಲ. ಕಲಿಯುತ್ತಿದೆ.

ಹಿಂದಿರುಗಿಸುವ ಮುನ್ನ

ಕೊನೆಯ ಫಾರ್ಮು ಅಗಸೆಯ ಪಕ್ಕದ ಮನೆಯ ಅಜ್ಜಿಯದು. 42 ಪ್ರಶ್ನೆಗೂ ಉತ್ತರ ಕೊಟ್ಟ ಅಜ್ಜಿ, ರೊಟ್ಟಿ ಬಡಿಯುತ್ತಲೇ, "ಮುಗೀತಾ? ಈಗ ನಾ ಕೇಳ್ತೀನಿ. ಇವನ ಅವ್ವ ಎಲ್ಲಿದಾಳ?" ಎಂದಳು.

"ಬ್ಯಾರೆ ಊರಾಗ ಒಬ್ಬಾಕಿನ ಅದಾಳಂತಬೇ."

"ಅಣ್ಣ ತಮ್ಮ?"

"ಇಲ್ಲಂತ."

"ಮದುವಿ?"

"ಆಗಿಲ್ಲಂತ."

"ಮತ್ತ ಉಣ್ಣಾಕ ಯಾರು ಹಾಕ್ತಾರ?"

"ತಾನ ಮಾಡ್ಕೊಂಡು ಉಣ್ತಾನಂತ."

ಅಜ್ಜಿಯ ಕೈ ಹಿಟ್ಟಿನ ಮೇಲೆ ನಿಂತಿತು. "ಅಯ್ಯ, ಪರದೇಶಿ ಕೂಸು" ಎಂದಳು.

ಹದಿನೇಳು ದಿನದಲ್ಲಿ ಮಾರೆಪ್ಪನಿಗೆ ನನ್ನ ಹಂಗಿಲ್ಲದೆ ತಿಳಿದ ಮೊದಲ ಶಬ್ದ ಅದು. ಜೇಬಿನ ಪುಟ್ಟ ನಿಘಂಟಿನಲ್ಲಿ ಅದಕ್ಕೆ 'ಬೇರೆ ದೇಶದವನು' ಎಂಬ ಒಂದೇ ಅರ್ಥವಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು ನನ್ನನ್ನು ತಡೆದ. ಎದೆ ಮುಟ್ಟಿಕೊಂಡು, ಮುಖವರಳಿಸಿ, ಒಂದೊಂದೇ ಅಕ್ಷರ ಬಿಡಿಸಿ, "ಹೌದು ಅಜ್ಜಿ, ನಾನು ಪರದೇಶಿ" ಎಂದ.

ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡು ಅವನ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.