ಓಡದ ಪಿಕ್ಚರಿನ ಬೆಳಕು

ಓಡದ ಪಿಕ್ಚರನ್ನು ಜನ ಸುಮ್ಮಸುಮ್ಮನೆ ಕೈಬಿಟ್ಟಿರುವುದಿಲ್ಲ ಅಂತೀರಲ್ಲ, ಆ ಮಾತನ್ನು ನಾನು ಒಪ್ಪುತ್ತೇನೆ ನೋಡಿ. ದುಡ್ಡು ಕೊಟ್ಟು ಒಳಗೆ ಹೋದವನು ಇಂಟರ್‌ವಲ್ಲಿಗೇ ಎದ್ದು ಬಂದ ಅಂದರೆ ಅವನಿಗೂ ಒಂದು ಕಾರಣ ಇರುತ್ತದೆ. ಆದರೆ ಆ ಕಾರಣ ಆವತ್ತಿನದು. ಅವನು ಏನು ಬಯಸಿ ಹೋಗಿದ್ದ, ಏನು ಸಿಗದೆ ಬಂದ ಅನ್ನುವುದಕ್ಕೆ ಸೇರಿದ್ದು. ಅವನ ಸಿಟ್ಟನ್ನು ನಾವೂ ಪಿತ್ರಾರ್ಜಿತ ಆಸ್ತಿಯ ಹಾಗೆ ಇಟ್ಟುಕೊಂಡು ಕೂರಬೇಕೆ?

ಗುರುದತ್ತರ ‘ಕಾಗಜ್ ಕೆ ಫೂಲ್’ ಬಗ್ಗೆ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. 1959ರಲ್ಲಿ ಬಂತು, ಮಕಾಡೆ ಮಲಗಿತು. ಬರೆಯುವವರೂ ಕೈ ಹಿಡಿಯಲಿಲ್ಲ, ನೋಡುವವರೂ ಹಿಡಿಯಲಿಲ್ಲ. ಎರಡೇ ವರ್ಷ ಹಿಂದೆ ‘ಪ್ಯಾಸಾ’ ಕೊಟ್ಟಿದ್ದ ಮನುಷ್ಯ. ಈ ಹೊಡೆತ ಬಿದ್ದ ಮೇಲೆ, 1964ರ ಅಕ್ಟೋಬರಿನಲ್ಲಿ ಮೂವತ್ತೊಂಬತ್ತನೇ ವಯಸ್ಸಿಗೆ ಸಾಯುವ ತನಕ, ಒಂದು ಚಿತ್ರಕ್ಕೂ ನಿರ್ದೇಶಕ ಅಂತ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಚಿತ್ರ ಮಾಡುವುದನ್ನು ಬಿಡಲಿಲ್ಲ, ನಟಿಸುವುದನ್ನೂ ಬಿಡಲಿಲ್ಲ. ‘ಚೌದ್ವೀಂ ಕಾ ಚಾಂದ್’ಗೆ ಎಂ. ಸಾದಿಕ್ ಹೆಸರು, ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಅಬ್ರಾರ್ ಅಲ್ವಿ ಹೆಸರು. ತನ್ನದನ್ನು ಮಾತ್ರ ಆ ಜಾಗದಿಂದ ತೆಗೆದುಬಿಟ್ಟ.

ಹೀಗಾದದ್ದು ಇವನೊಬ್ಬನಿಗೇ ಅಲ್ಲ. ನಟ ಚಾರ್ಲ್ಸ್ ಲಾಟನ್ 1955ರಲ್ಲಿ ‘ದಿ ನೈಟ್ ಆಫ್ ದಿ ಹಂಟರ್’ ನಿರ್ದೇಶಿಸಿದ. ಯಾರೂ ಮೆಚ್ಚಲಿಲ್ಲ, ಮತ್ತೆ ಅವನು ಚಿತ್ರ ನಿರ್ದೇಶಿಸಲೇ ಇಲ್ಲ. ಇವತ್ತು ಅಮೆರಿಕದ ದೊಡ್ಡ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಇದೆ. 1982ರಲ್ಲಿ ಜಾನ್ ಕಾರ್ಪೆಂಟರ್ ‘ದಿ ಥಿಂಗ್’ ಮಾಡಿದಾಗ ವಿಮರ್ಶಕರು ಹೇಸಿಗೆ ಅಂತ ಮುಖ ತಿರುಗಿಸಿದರು. ಎನ್ನಿಯೊ ಮೊರಿಕೋನೆ ಅದಕ್ಕೆ ಕೊಟ್ಟ ಸಂಗೀತವನ್ನು ವರ್ಷದ ಕೆಟ್ಟ ಸಂಗೀತಕ್ಕೆ ಕೊಡುವ ರ‍್ಯಾಜಿ ಪ್ರಶಸ್ತಿಯ ಪಟ್ಟಿಗೆ ಸೇರಿಸಿದರು. ಅದೇ ಚಿತ್ರಕ್ಕೆಂದು ಮಾಡಿ ಬಳಸದೆ ಉಳಿದಿದ್ದ ಒಂದಷ್ಟು ಸಂಗೀತ 2015ರಲ್ಲಿ ಟ್ಯಾರಂಟಿನೋನ ‘ದಿ ಹೇಟ್‌ಫುಲ್ ಎಯ್ಟ್’ನೊಳಗೆ ಬಂತು, ಆ ಚಿತ್ರದ ಸಂಗೀತಕ್ಕೆ ಮೊರಿಕೋನೆಗೆ ಆಸ್ಕರ್ ಸಿಕ್ಕಿತು. ನಮ್ಮಲ್ಲೇ ರವಿಚಂದ್ರನ್ ಅವರ ‘ಏಕಾಂಗಿ’ 2002ರಲ್ಲಿ ಥಿಯೇಟರಿನಲ್ಲಿ ನಿಲ್ಲಲಿಲ್ಲ. ಈಗ ಅದರ ಬಗ್ಗೆ ಪ್ರೀತಿಯಿಂದ ಗಂಟೆಗಟ್ಟಲೆ ಮಾತಾಡುವವರು ಸಿಗುತ್ತಾರೆ. ಇವೆಲ್ಲಕ್ಕೂ ಬೇರೆ ದಿನ ಕೂರೋಣ. ಇವತ್ತು ಗುರುದತ್ತನದು.

ಕತೆ ನಿಮಗೆ ನೆನಪಿರಬಹುದು. ಸುರೇಶ್ ಸಿನ್ಹಾ ಅನ್ನುವ ದೊಡ್ಡ ನಿರ್ದೇಶಕ ‘ದೇವದಾಸ್’ ಮಾಡುತ್ತಿದ್ದಾನೆ, ಪಾರೋ ಸಿಗುತ್ತಿಲ್ಲ. ಮಳೆಯಲ್ಲಿ ನಿಂತಿದ್ದ ಹುಡುಗಿಯೊಬ್ಬಳಿಗೆ ಕೋಟು ಕೊಟ್ಟು ಹೋಗಿರುತ್ತಾನೆ. ಅದನ್ನು ವಾಪಸ್ ಕೊಡಲು ಸ್ಟುಡಿಯೋಗೆ ಬಂದವಳು ತಿಳಿಯದೆ ಕ್ಯಾಮೆರಾದ ಮುಂದೆ ನಡೆದುಬಿಡುತ್ತಾಳೆ. ಆ ರೀಲು ನೋಡುವಾಗ ಅವನಿಗೆ ಪಾರೋ ಸಿಕ್ಕಳು ಅಂತ ಗೊತ್ತಾಗುತ್ತದೆ. ಆ ಹುಡುಗಿ, ಶಾಂತಿ, ತಾರೆಯಾಗುತ್ತಾಳೆ. ಸುರೇಶನಿಗೆ ಮೊದಲೇ ಮದುವೆಯಾಗಿದೆ, ಹೆಂಡತಿ ಮನೆಯವರಿಗೆ ಸಿನಿಮಾ ಅಂದರೆ ತಿರಸ್ಕಾರ, ಮಗಳು ಹಾಸ್ಟೆಲಿನಲ್ಲಿ. ಆ ಮಗಳೇ ಬಂದು ಕೇಳಿಕೊಂಡಾಗ ಶಾಂತಿ ಎಲ್ಲ ಬಿಟ್ಟು ಹಳ್ಳಿಯ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಇತ್ತ ಇವನು ಇಳಿಯುತ್ತಾ ಹೋಗುತ್ತಾನೆ. ಕುಡಿತ, ಕೋರ್ಟಿನಲ್ಲಿ ಸೋಲು, ಸ್ಟುಡಿಯೋದಿಂದ ಹೊರಗೆ. ಕೊನೆಗೆ ತಾನು ಆಳಿದ ಸ್ಟುಡಿಯೋದಲ್ಲೇ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ.

ಆ ಕಾಲದ ಜನ ಏನು ಬೇಡ ಅಂದರು? ದುಃಖ ಜಾಸ್ತಿಯಾಯಿತು ಅಂದರು. ಹೌದು, ಜಾಸ್ತಿಯೇ. ಇಂಟರ್‌ವಲ್ ಆದ ಮೇಲೆ ಚಿತ್ರ ಒಂದೇ ಇಳಿಜಾರಿನಲ್ಲಿ ನಿಧಾನಕ್ಕೆ ಜಾರುತ್ತದೆ, ಹಿಡಿದುಕೊಳ್ಳಲು ಒಂದು ಕೊಂಬೆಯೂ ಸಿಗುವುದಿಲ್ಲ. ಸುರೇಶನಿಗೆ ತನ್ನ ಮೇಲೆ ತನಗೇ ಕರುಣೆ ಹೆಚ್ಚು. ಹೆಂಡತಿಯನ್ನು ಬರೀ ದರ್ಪದ ಗೊಂಬೆ ಮಾಡಿಟ್ಟದ್ದು ನನಗೆ ಈಗಲೂ ನೋವಿನ ವಿಷಯ. ಅವಳ ಕಡೆಯಿಂದ ಒಂದೇ ಒಂದು ದೃಶ್ಯ ಇದ್ದಿದ್ದರೂ ಈ ಚಿತ್ರದ ತೂಕ ಬೇರೆಯಾಗುತ್ತಿತ್ತು. ಜಾನಿ ವಾಕರನ ಹಾಸ್ಯದ ಭಾಗ ಕತೆಗೆ ಅಂಟುವುದಿಲ್ಲ. ಇಷ್ಟನ್ನೂ ಒಪ್ಪಿಕೊಂಡೇ ಹೇಳುತ್ತೇನೆ, ಈ ಚಿತ್ರವನ್ನು ಮತ್ತೆ ನೋಡಿ. ತಪ್ಪಿಲ್ಲದ ಚಿತ್ರ ಅಂತ ಅಲ್ಲ. ಆ ತಪ್ಪುಗಳು ಇದ್ದಲ್ಲೇ ಇರಲಿ, ಅವುಗಳ ಪಕ್ಕದಲ್ಲಿ ಏನಿದೆ ಅನ್ನುವುದನ್ನು ಆಗ ಹೆಚ್ಚಿನವರು ನೋಡಲಿಲ್ಲ. ಬೇಸರದ ಮಾತೆಂದರೆ, ಈಗ ಹೊಗಳುವವರಲ್ಲೂ ಅನೇಕರು ನೋಡುವುದಿಲ್ಲ.

ಯಾಕೆ ಹೇಳುತ್ತೇನೆ ಅಂದರೆ, ಈಗಿನ ಹೊಗಳಿಕೆಯೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುತ್ತದೆ. ಗುರುದತ್ ತನ್ನ ಬದುಕನ್ನೇ ತೆರೆಗೆ ತಂದ, ವಹೀದಾ ರೆಹಮಾನ್ ಅವಳೇ ಶಾಂತಿ, ಮನೆಯಲ್ಲಿದ್ದ ಹೆಂಡತಿ ಗೀತಾ ದತ್ತಳೇ ಇದರ ಹಾಡು ಹಾಡಿದಳು, ತನ್ನ ಸಾವನ್ನು ಐದು ವರ್ಷ ಮೊದಲೇ ಬರೆದುಕೊಂಡ, ಹೀಗೆ. ಚಿತ್ರಕ್ಕೆ ಮರ್ಯಾದೆ ಬಂದದ್ದು ಎಂಬತ್ತರ ದಶಕದಲ್ಲಿ. ಯುರೋಪಿನಲ್ಲಿ ತೋರಿಸಿದರು, 1989ರಲ್ಲಿ ನಸ್ರೀನ್ ಮುನ್ನಿ ಕಬೀರ್ ಗುರುದತ್ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಆಗಲೇ ಅವನ ಸಾವಿಗೆ ಎರಡು ದಶಕ ದಾಟಿತ್ತು, ಹಾಗಾಗಿ ಸಾವಿನ ಕನ್ನಡಕ ಹಾಕಿಕೊಂಡೇ ಎಲ್ಲರೂ ಒಳಗೆ ಹೋದರು. ಸಂಬಂಧ ಇಲ್ಲವೆಂದಲ್ಲ. ಇದು ನಿನ್ನದೇ ಕತೆಯ ಹಾಗಿದೆ, ಮಾಡಬೇಡ ಅಂತ ಸಂಗೀತ ಕೊಟ್ಟ ಎಸ್.ಡಿ. ಬರ್ಮನ್ ತಡೆದಿದ್ದರಂತೆ, ಇದಾದ ಮೇಲೆ ಇಬ್ಬರೂ ಜೊತೆಗೆ ಕೆಲಸ ಮಾಡಲಿಲ್ಲ. ಆದರೆ ಗುರುದತ್ ಕಣ್ಣೆದುರು ಬೇರೆಯವರೂ ಇದ್ದರು. ‘ಕಿಸ್ಮತ್’ ಮಾಡಿದ ಗ್ಯಾನ್ ಮುಖರ್ಜಿ ಬಳಿ ಅವನು ಸಹಾಯಕನಾಗಿದ್ದ, ಅವರು 1956ರಲ್ಲಿ ತೀರಿಕೊಂಡರು. ಸುರೇಶನಲ್ಲಿ ಅವರ ನೆರಳಿದೆ ಅನ್ನುವವರಿದ್ದಾರೆ. ಒಬ್ಬನ ಬದುಕು ಅಂತ ಬೀಗ ಹಾಕಿಬಿಟ್ಟರೆ ಚಿತ್ರ ಅಲ್ಲಿಗೇ ಮುಗಿಯಿತು. ಮುವ್ವತ್ತನಾಲ್ಕು ವರ್ಷದವನೊಬ್ಬ ಕೂದಲಿಗೆ ಬಿಳಿ ಬಳಿದುಕೊಂಡು ಮುದುಕನಾದದ್ದು ಸಾಯುವ ಆಸೆಯಿಂದಲೇ ಇರಬೇಕೆ? ಅವನಿಗೆ ಹೇಳಲು ಒಂದು ಕೆಲಸದ ಕತೆ ಇತ್ತು.

ಕೆಲಸದ ಕತೆ. ನಾನು ಅದನ್ನು ನೋಡುವುದೇ ಹಾಗೆ. ಸ್ಟುಡಿಯೋ ಅನ್ನುವುದು ಹೇಗಿರುತ್ತದೆ, ಖಾಲಿಯಿದ್ದಾಗ ಹೇಗೆ, ಜನ ತುಂಬಿದಾಗ ಹೇಗೆ, ಮೇಲಿನ ಹಲಗೆ ದಾರಿಯಲ್ಲಿ ನಿಂತು ಲೈಟು ಹಿಡಿಯುವವನಿಗೆ ಕೆಳಗಿನ ಜಗತ್ತು ಹೇಗೆ ಕಾಣುತ್ತದೆ, ಇದನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಇನ್ನೊಂದು ಭಾರತೀಯ ಚಿತ್ರ ನನಗೆ ಗೊತ್ತಿಲ್ಲ. ಚಿತ್ರ ಶುರುವಾಗುವುದೇ ಮುದುಕನೊಬ್ಬ ಸ್ಟುಡಿಯೋ ಒಳಗೆ ಬಂದು ಆ ಹಲಗೆ ದಾರಿ ಹತ್ತುವುದರಿಂದ. ಮುಗಿಯುವುದು ಅವನು ನಿರ್ದೇಶಕನ ಕುರ್ಚಿಯಲ್ಲಿ ಸತ್ತು ಕೂತಿರುವಾಗ, ಬೆಳಗಿನ ಪಾಳಿಯವರು ಬಂದು ಹೆಣ ತೆಗೆದು ಲೈಟು ಹಾಕಿ ಅಂತ ಕೂಗುವಲ್ಲಿ. ಆ ಕೂಗಿನಲ್ಲಿ ಕ್ರೌರ್ಯ ಮಾತ್ರ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಕೆಲಸ ನಡೆಯಬೇಕು, ಶಿಫ್ಟು ಶುರುವಾಗಿದೆ. ಸುರೇಶ್ ಬದುಕಿದ್ದಾಗ ಅವನೂ ಹಾಗೇ ಕೂಗುತ್ತಿದ್ದನೇನೋ!

ಈಗ ಬೆಳಕಿಗೆ ಬರೋಣ, ನಾನು ನಿಮ್ಮನ್ನು ನಿಲ್ಲಿಸಿಕೊಂಡದ್ದೇ ಅದಕ್ಕೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಇದು. ಕ್ಯಾಮೆರಾಕ್ಕೆ ಹಾಕುವ ವಿಶೇಷ ಲೆನ್ಸು ಅಗಲವಾದ ನೋಟವನ್ನು ಎರಡು ಪಕ್ಕದಿಂದ ಒತ್ತಿ ಮಾಮೂಲಿ ಫಿಲ್ಮಿಗೆ ಇಳಿಸುತ್ತದೆ. ಥಿಯೇಟರಿನ ಪ್ರೊಜೆಕ್ಟರಿಗೆ ಹಾಕುವ ಇನ್ನೊಂದು ಲೆನ್ಸು ಅದನ್ನು ಮತ್ತೆ ಬಿಡಿಸಿ ಹರಡುತ್ತದೆ. ಹಾಲಿವುಡ್ಡಿನಲ್ಲಿ ಅದನ್ನು ಬಹಳಮಟ್ಟಿಗೆ ಬಳಸುತ್ತಿದ್ದದ್ದು ಸೈನ್ಯ, ಮರುಭೂಮಿ, ರೋಮಿನ ಅರಮನೆಗಳಿಗೆ. ಗುರುದತ್ ಅದನ್ನು ಒಂಟಿತನಕ್ಕೆ ಬಳಸಿದ. ಅಷ್ಟು ಅಗಲದ ತೆರೆಯಲ್ಲಿ ಒಬ್ಬನನ್ನು ಒಂದು ಮೂಲೆಗೆ ನಿಲ್ಲಿಸಿ ಉಳಿದದ್ದನ್ನು ಕತ್ತಲಿಗೆ ಬಿಟ್ಟ. ಈ ಚಿತ್ರವನ್ನು ಹಳೇ ಚೌಕದ ಟೀವಿಯಲ್ಲಿ ಪಕ್ಕಗಳನ್ನು ಕತ್ತರಿಸಿ ನೋಡಿದವರು ನೋಡಿದ್ದು ಅರ್ಧ ಚಿತ್ರ. ಕತ್ತರಿಸಿ ಹೋದ ಆ ಖಾಲಿ ಜಾಗವೇ ಇಲ್ಲಿ ಪಾತ್ರ.

ಕ್ಯಾಮೆರಾ ಹಿಡಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಗುರುದತ್ ಹುಟ್ಟಿದ್ದೂ 1925ರಲ್ಲಿ ಬೆಂಗಳೂರಿನಲ್ಲೇ, ಕೊಂಕಣಿ ಮಾತಾಡುವ ಪಡುಕೋಣೆ ಮನೆತನ. ಅವನ ತಾಯಿ ವಾಸಂತಿ ಪಡುಕೋಣೆ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮಗ ಹೋದ ಮೇಲೆ ‘ನನ್ನ ಮಗ ಗುರುದತ್ತ’ ಅಂತ ಪುಸ್ತಕವನ್ನೂ ಕನ್ನಡದಲ್ಲೇ ಬರೆದರು. ಮೂರ್ತಿಯವರದು ಇನ್ನೊಂದು ದಾರಿ. ಪಿಟೀಲು ಕಲಿತಿದ್ದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋಗಿ ಬಂದಿದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಓದಿ ಮುಂಬಯಿಗೆ ಹೋದವರು. 1951ರ ‘ಬಾಜಿ’ ಚಿತ್ರೀಕರಣದಲ್ಲಿ ಸಹಾಯಕರಾಗಿದ್ದಾಗ ಒಂದು ಕಷ್ಟದ ಶಾಟ್ ಸೂಚಿಸಿ, ಅದನ್ನು ತಾವೇ ತೆಗೆದು ತೋರಿಸಿದರು. ಗುರುದತ್ ಮುಂದಿನ ಚಿತ್ರಕ್ಕೇ ಅವರನ್ನು ಕರೆದ. ಆಮೇಲೆ ಬಿಡಲೇ ಇಲ್ಲ.

ಚಿತ್ರದಲ್ಲಿ ಗೀತಾ ದತ್ ಹಾಡಿದ ಆ ಪ್ರಸಿದ್ಧ ಹಾಡಿದೆಯಲ್ಲ, ಕೈಫಿ ಆಜ್ಮಿ ಬರೆದದ್ದು, ಅದನ್ನು ಈ ಸಲ ಕಿವಿಗಿಂತ ಕಣ್ಣಿನಿಂದ ಕೇಳಿ. ಖಾಲಿ ಸ್ಟುಡಿಯೋ. ಸುರೇಶ್ ಅಲ್ಲಿ, ಶಾಂತಿ ಇಲ್ಲಿ. ಇಬ್ಬರೂ ತುಟಿ ಅಲ್ಲಾಡಿಸುವುದಿಲ್ಲ, ಹಾಡು ಎಲ್ಲಿಂದಲೋ ಬರುತ್ತದೆ. ನಡುವೆ ಮೇಲಿನಿಂದ ಒಂದು ಬೆಳಕಿನ ಕಂಬ ಓರೆಯಾಗಿ ಇಳಿದಿದೆ. ಹಳೇ ಹಂಚಿನ ಮನೆಯಲ್ಲಿ ಗಾಜಿನ ಹಂಚಿನ ಮೂಲಕ ಅಡುಗೆಮನೆಯ ಹೊಗೆಯೊಳಗೆ ಇಳಿಯುತ್ತಿತ್ತಲ್ಲ ಬಿಸಿಲ ಕೋಲು, ಥೇಟ್ ಅದೇ. ಸ್ಟುಡಿಯೋ ಲೈಟಿನಿಂದ ಅದು ಆಗುವುದಿಲ್ಲ. ಎಷ್ಟೇ ದೊಡ್ಡ ದೀಪವಾದರೂ ಹತ್ತಿರದಲ್ಲಿದ್ದರೆ ಅದರ ಕಿರಣ ಹೋಗ್ತಾ ಹೋಗ್ತಾ ಅಗಲವಾಗುತ್ತದೆ. ಸೂರ್ಯ ಅಷ್ಟು ದೂರ ಇರುವುದರಿಂದ ಅವನ ಕಿರಣಗಳು ಅಕ್ಕಪಕ್ಕ ನೇರವಾಗಿ ಬರುತ್ತವೆ. ಮೂರ್ತಿಯವರು ಸೂರ್ಯನನ್ನೇ ಒಳಗೆ ಕರೆದರು. ಹೊರಗೆ ಬಿಸಿಲಲ್ಲಿ ಒಂದು ದೊಡ್ಡ ಕನ್ನಡಿ ಇಟ್ಟು, ಅದರಿಂದ ಸ್ಟುಡಿಯೋ ಒಳಗೆ ಮೇಲೆ ಇಟ್ಟ ಇನ್ನೊಂದು ಕನ್ನಡಿಗೆ ಬಿಸಿಲು ಹೊಡೆಸಿ, ಅಲ್ಲಿಂದ ಕೆಳಗಿಳಿಸಿದರು. ಸ್ವಲ್ಪ ಹೊಗೆ ಬಿಟ್ಟರು, ಕಿರಣ ಮೈತಳೆಯಿತು. ಸೂರ್ಯ ನಿಂತಲ್ಲಿ ನಿಲ್ಲುವವನಲ್ಲ, ಅವನ ಹಿಂದೆಯೇ ಕನ್ನಡಿಯನ್ನೂ ತಿರುಗಿಸುತ್ತಿರಬೇಕು. ಇಷ್ಟೆಲ್ಲ ಪಾಡು ಒಂದು ಹಾಡಿಗೆ. ಆ ಬೆಳಕಿನೊಳಗೆ ಇಬ್ಬರ ಮೈಯಿಂದಲೂ ಅವರದೇ ಛಾಯೆಗಳು ಎದ್ದು ಬಂದು ಎದುರುಬದುರಾಗುತ್ತವೆ, ದೇಹಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ. ಬಾಯಿಬಿಟ್ಟು ಹೇಳಲಾಗದ ಪ್ರೇಮವನ್ನು ಹೀಗೆ ತೋರಿಸಬಹುದು ಅಂತ ಆವತ್ತು ಕಂಡುಕೊಂಡವರು ಮುಂಬಯಿಯ ಒಂದು ಸ್ಟುಡಿಯೋದ ನೆಲದ ಮೇಲೆ ನಿಂತಿದ್ದ ಈ ಗೆಳೆಯರು.

ಚಿತ್ರ ಬಿದ್ದರೂ ಇದು ಕೆಲವರ ಕಣ್ಣಿಗೆ ಬಿದ್ದಿತ್ತು. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿ ಛಾಯಾಗ್ರಹಣಕ್ಕೆ ಮೂರ್ತಿಯವರಿಗೆ, ಕಲಾ ನಿರ್ದೇಶನಕ್ಕೆ ಎಂ.ಆರ್. ಆಚರೇಕರರಿಗೆ ಬಂತು. ಬಹಳ ವರ್ಷ ಕಳೆದು 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಮೂರ್ತಿಯವರಿಗೆ ಬಂತು. ಒಬ್ಬ ಛಾಯಾಗ್ರಾಹಕನಿಗೆ ಅದು ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಬದುಕಿನ ಬಗ್ಗೆ ಉಮಾ ರಾವ್ ‘ಬಿಸಿಲು ಕೋಲು’ ಅನ್ನುವ ಪುಸ್ತಕ ಬರೆದಿದ್ದಾರೆ. ಕನ್ನಡದಲ್ಲಿ ಛಾಯಾಗ್ರಾಹಕರ ಬಗ್ಗೆ ಇಂಥ ಪುಸ್ತಕಗಳು ಇನ್ನೂ ಬರಬೇಕು. ನಟರ ಬಗ್ಗೆ ಕಪಾಟುಗಟ್ಟಲೆ ಇದೆ, ಅವರ ಮುಖದ ಮೇಲೆ ಬೆಳಕು ಚೆಲ್ಲಿದವರ ಬಗ್ಗೆ ಹುಡುಕಬೇಕು.

ನೋಡುವುದಾದರೆ ಫೋನಿನಲ್ಲಿ ಬೇಡ ಕಣ್ರೀ. ಮನೆಯಲ್ಲಿ ಇರುವ ಅತಿ ದೊಡ್ಡ ಟೀವಿಯಲ್ಲಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಪೂರ್ತಿ ಅಗಲದ ಪ್ರತಿಯನ್ನೇ ಹಾಕಿ. ಪಟ್ಟಿ ಹೋಗಲಿ ಅಂತ ಹಿಗ್ಗಿಸಬೇಡಿ, ಹಿಗ್ಗಿಸಿದರೆ ಮೂಲೆಯಲ್ಲಿ ನಿಂತವನೇ ಹೋಗಿಬಿಡುತ್ತಾನೆ. ಕರ್ಟನ್ ಎಳೆಯಿರಿ. ಜಾನಿ ವಾಕರ್ ಬಂದಾಗ ಬೇಕಾದರೆ ಎದ್ದು ಕಾಫಿ ಮಾಡಿಕೊಂಡು ಬನ್ನಿ, ನನ್ನದೇನೂ ತಕರಾರಿಲ್ಲ. ಆದರೆ ಸುರೇಶ್ ಎಕ್ಸ್‌ಟ್ರಾ ಆಗಿ ನಿಂತಿರುವ ದೃಶ್ಯಕ್ಕೆ ಮುಂಚೆ ವಾಪಸ್ ಬಂದು ಕೂರಬೇಕು. ಅಷ್ಟರಲ್ಲಿ ಸಿನಿಮಾಗೆ ಮರಳಿರುವ ಶಾಂತಿ ಅವನ ಗುರುತು ಹಿಡಿಯುತ್ತಾಳೆ, ಅವನು ಓಡುತ್ತಾನೆ, ಅವಳು ಹಿಂದೆ ಓಡಿದರೆ ಅವಳ ಅಭಿಮಾನಿಗಳೇ ಸುತ್ತುವರಿದು ದಾರಿ ಕಟ್ಟುತ್ತಾರೆ. ಅವನೇ ಅವಳಿಗೆ ತಂದುಕೊಟ್ಟ ಕೀರ್ತಿ ಅದು. ಆ ಗುಂಪಿನ ಮುಖಗಳನ್ನು ನೋಡಿ, ಒಬ್ಬರಲ್ಲೂ ಕೆಟ್ಟತನ ಇಲ್ಲ, ಎಲ್ಲರಿಗೂ ಪ್ರೀತಿ.

ಇದನ್ನು ಮೆಚ್ಚಿದಿರಿ ಅಂತಾದರೆ ಮುಂದಿನ ವಾರಕ್ಕೆ ‘ಹೂವು ಹಣ್ಣು’ ಹುಡುಕೋಣ. ತ್ರಿವೇಣಿಯವರ ಕಾದಂಬರಿ, ರಾಜೇಂದ್ರ ಸಿಂಗ್ ಬಾಬು 1993ರಲ್ಲಿ ಮಾಡಿದ್ದು, ಲಕ್ಷ್ಮಿ ಇದ್ದಾರೆ. ಅದಕ್ಕೆ ಕ್ಯಾಮೆರಾ ಹಿಡಿದವರೂ ಇದೇ ಮೂರ್ತಿಯವರು. ಅದನ್ನು ಕತೆಗೋಸ್ಕರ ನೋಡಿ ಅತ್ತವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾವು ಈ ಸಲ ಕಿಟಕಿಗಳನ್ನೂ ಬಾಗಿಲುಗಳನ್ನೂ ನೋಡೋಣ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ.